ಎರಡನೆಯ ಸಂತೆ



ನಿಮ್ಮೂರ ಸರ್ಕಾರಿ ಶಾಲೆಯ ಅಂಗಳದಲ್ಲಿ ವರ್ಷಕ್ಕೊಂದು ದಿನ ಸಂತೆ ಕೂಡುವುದನ್ನು ನೀವು ನೋಡಿರುತ್ತೀರಿ. ಮಕ್ಕಳ ಸಂತೆ ಅನ್ನುತ್ತೇವೆ. ಕೆಲವು ಕಡೆ ಮೆಟ್ರಿಕ್ ಮೇಳ ಅಂತಲೂ ಹೆಸರು. ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಒಬ್ಬ ಸೊಪ್ಪು ಗುಡ್ಡೆ ಹಾಕಿರುತ್ತಾನೆ. ಪಕ್ಕದಲ್ಲಿ ಒಬ್ಬಳು ಸೀಬೆಹಣ್ಣು ಕತ್ತರಿಸಿ ಉಪ್ಪುಖಾರ ಸವರುತ್ತಿರುತ್ತಾಳೆ. ಆಚೆ ಕೋಡುಬಳೆ, ನಿಪ್ಪಟ್ಟು, ಪಾನಕ, ಚುರುಮುರಿ. ‘ಬನ್ನಿ ಬನ್ನಿ, ಕಟ್ಟು ಹತ್ತೇ ರೂಪಾಯಿ’ ಎಂಬ ಕೂಗು ರಸ್ತೆಗೂ ಕೇಳುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳ ಗಂಟಲು ಅವತ್ತು ಮೊದಲ ಸಲ ತೆರೆದುಕೊಳ್ಳುತ್ತದೆ.

ಮೆಟ್ರಿಕ್ ಮೇಳ ಅನ್ನುವ ಹೆಸರಿಗೆ ಅರ್ಥವಿದೆ. ನಮ್ಮ ದೇಶ ಮೆಟ್ರಿಕ್ ತೂಕ ಅಳತೆಗೆ ಕಾನೂನು ಮಾಡಿದ್ದು 1956ರಲ್ಲಿ. ಮರುವರ್ಷ ಏಪ್ರಿಲ್ 1ರಿಂದ ಆಣೆ, ಕಾಸು ಹೋಗಿ ನಯಾಪೈಸೆ ಬಂತು. ಆದರೆ ನಮ್ಮ ಕಡೆಯ ಅಜ್ಜಿಯರ ಬಾಯಲ್ಲಿ ಇವತ್ತಿಗೂ ಪಾವು, ಸೇರು ಹೋಗಿಲ್ಲ. ಅಂಥ ಊರಿನ ಮಗು ಇನ್ನೂರೈವತ್ತು ಗ್ರಾಮ್ ಅಂದರೆ ಎಷ್ಟು ಎಂಬುದನ್ನು ಪುಸ್ತಕದಲ್ಲಿ ಓದಿದರೆ ಸಾಲದು, ತಕ್ಕಡಿ ಹಿಡಿದು ಕೈಯಲ್ಲಿ ತಿಳಿಯಬೇಕು ಅನ್ನುವುದು ಆಲೋಚನೆ. ಒಳ್ಳೆಯ ಆಲೋಚನೆಯೇ.

ನಾನು ತಿಪಟೂರು ಸೀಮೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಬಹಳ ವರ್ಷ ಗಣಿತ ಹೇಳಿಕೊಟ್ಟವಳು. ನಮ್ಮಲ್ಲಿ ಮೊದಲ ಸಲ ಸಂತೆ ನಡೆದಾಗ ಅದನ್ನು ಸ್ಪರ್ಧೆ ಮಾಡೋಣ ಎಂದವಳು ನಾನೇ. ಮಕ್ಕಳಿಗೆ ಹುರುಪು ಬರಲಿ ಅಂತ. ಯಾರು ಹೆಚ್ಚು ದುಡ್ಡಿನ ವ್ಯಾಪಾರ ಮಾಡುತ್ತಾರೋ ಅವರಿಗೆ ಬಹುಮಾನ ಎಂದು ಹಲಗೆಯ ಮೇಲೆ ಬರೆಸಿದೆ. ಆ ಒಂದು ಸಾಲು ಎಷ್ಟು ತಪ್ಪಾಗಿತ್ತು ಎಂಬುದು ಸಂಜೆಯೊಳಗೆ ತಿಳಿಯಿತು.

ಗೆದ್ದವಳು ಹೋಳಿಗೆ ಮಾರಿದ ಹುಡುಗಿ. ಬೆಳಿಗ್ಗೆ ತಂದ ಎರಡು ಡಬ್ಬಿ ಹೋಳಿಗೆ ಒಂದು ಗಂಟೆಯಲ್ಲಿ ಖಾಲಿ. ಚಪ್ಪಾಳೆಯೆಲ್ಲ ಮುಗಿದ ಮೇಲೆ ಸುಮ್ಮನೆ ಕೇಳಿದೆ, ‘ಎಷ್ಟು ಬೇಳೆ ಹಾಕಿದ್ರಿ, ಎಷ್ಟು ಬೆಲ್ಲ ಹಾಕಿದ್ರಿ?’ ‘ಅಮ್ಮಂಗೆ ಗೊತ್ತು ಮಿಸ್’ ಅಂದಳು. ‘ಯಾರು ತಗೊಂಡ್ರು?’ ‘ಅಪ್ಪ, ಚಿಕ್ಕಪ್ಪ, ನಮ್ಮ ಅಂಗಡಿ ಮಾವ.’ ಮಗುವಿನ ತಪ್ಪೇನೂ ಇಲ್ಲ. ಅಮ್ಮ ಬೆಳಗಿನ ಜಾವ ಎದ್ದು ಮಾಡಿದ್ದನ್ನು ಅಪ್ಪ ಹಗಲು ಬಂದು ಕೊಂಡುಕೊಂಡ. ನಡುವೆ ಮಗಳು ಡಬ್ಬಿ ಹಿಡಿದು ನಿಂತಿದ್ದಳು. ಒಂದು ಮನೆಯ ದುಡ್ಡು ಅದೇ ಮನೆಯಲ್ಲಿ ಒಂದು ಸುತ್ತು ಹಾಕಿ ಬಂದಿತ್ತು, ನಾನು ಅದಕ್ಕೆ ಸ್ಟೀಲ್ ತಟ್ಟೆ ಬಹುಮಾನ ಕೊಟ್ಟಿದ್ದೆ.

ಅದೇ ದಿನ ಗೇಟಿನ ಮೂಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೊತ್ತಂಬರಿ, ಕರಿಬೇವು ಇಟ್ಟುಕೊಂಡು ಕೂತಿದ್ದ. ಅವನ ಅಪ್ಪ ಅಮ್ಮ ಸಂತೆಯಿಂದ ಸಂತೆಗೆ ಹೋಗಿ ತರಕಾರಿ ಮಾರುವವರು. ಹಿಂದಿನ ಸಂಜೆ ತಾನೇ ಹೋಗಿ ತೋಟದವರ ಹತ್ತಿರ ಸೊಪ್ಪು ಕೊಂಡಿದ್ದ. ರಾತ್ರಿ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದ. ಬಿಸಿಲೇರುತ್ತಿದ್ದಂತೆ ನೀರು ಚಿಮುಕಿಸಿ ಕಟ್ಟುಗಳನ್ನು ಮಗ್ಗುಲು ಬದಲಿಸುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಹತ್ತು ರೂಪಾಯಿಯ ಕಟ್ಟನ್ನು ಐದಕ್ಕೆ ಇಳಿಸಿದ, ನಾಲ್ಕಕ್ಕೆ ಒಂದಕ್ಕೊಂದು ಕೊಸರು ಕೊಟ್ಟು ಎದ್ದ. ಒಂದೆಲೆ ಉಳಿಸಲಿಲ್ಲ. ನನ್ನ ಪಟ್ಟಿಯಲ್ಲಿ ಅವನ ಹೆಸರು ಕೊನೆಯಿಂದ ಮೂರನೆಯದು. ಆ ಅಂಗಳದಲ್ಲಿ ವ್ಯಾಪಾರ ಅಂದರೆ ಏನೆಂದು ಬಲ್ಲವನು ಅವನೊಬ್ಬನೇ ಆಗಿದ್ದ. ಅವನು ತಲೆತಗ್ಗಿಸಿ ಗೋಣಿತಾಟು ಮಡಚುತ್ತಿದ್ದುದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಶಾಲೆಯ ಮಕ್ಕಳಿಗೆ ಸಣ್ಣ ವ್ಯಾಪಾರದ ಸ್ಪರ್ಧೆ ಇಡುವುದು ಬಹಳ ಒಳ್ಳೆಯ ಕೆಲಸ ಎಂದು ನಾನು ಮನಸಾರೆ ನಂಬಿದ್ದೇನೆ. ಆದರೆ ಬಹುಮಾನವನ್ನು ಯಾವುದಕ್ಕೆ ಕೊಡುತ್ತೇವೆ ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ಇನ್ನೊಂದು ಮಾತು: ಒಂದೇ ಸಂತೆಗೆ ಮುಗಿಸಬಾರದು. ಎರಡನೆಯ ಸಂತೆ ಇರಲೇಬೇಕು. ಇವತ್ತು ನಿಮ್ಮ ಮುಂದೆ ಹೇಳಬೇಕೆಂದು ಬಂದಿರುವುದು ಇಷ್ಟೇ.

ಮರುವರ್ಷ ನಿಯಮ ಬದಲಾಯಿಸಿದೆವು. ಐದೈದು ಮಕ್ಕಳ ತಂಡ. ಪ್ರತಿ ತಂಡಕ್ಕೂ 300 ರೂಪಾಯಿ, ಸಾಲವಾಗಿ. ನಾವು ಶಿಕ್ಷಕರೇ ಕೈಯಿಂದ ಹಾಕಿದ ದುಡ್ಡು. ಮನೆಯಲ್ಲಿ ದೊಡ್ಡವರು ಮಾಡಿದ್ದನ್ನು ತರುವ ಹಾಗಿಲ್ಲ. ಮನೆಯಿಂದ ಏನೇ ತಂದರೂ, ಒಂದು ಚಮಚ ಉಪ್ಪಾದರೂ, ಬೆಲೆ ಕಟ್ಟಿ ಬರೆಯಬೇಕು. ಮೊದಲನೆಯ ಸಂತೆ ಶಾಲೆಯಂಗಳದಲ್ಲಿ, ಡಿಸೆಂಬರಿನಲ್ಲಿ. ಎರಡನೆಯದು ಫೆಬ್ರವರಿ ಕೊನೆಯಲ್ಲಿ, ಊರಿನ ಭಾನುವಾರದ ಸಂತೆಯಲ್ಲೇ ಒಂದು ಮೂಲೆ. ಪಂಚಾಯಿತಿಯವರನ್ನು ಕೇಳಿ ಒಪ್ಪಿಸಿದೆವು. ಅಲ್ಲಿ ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ, ಗುರುತಿಲ್ಲದ ಗಿರಾಕಿಗಳು. ಬಹುಮಾನ ಮಾತ್ರ ಲಾಭಕ್ಕಲ್ಲ, ಲೆಕ್ಕದ ಪುಸ್ತಕಕ್ಕೆ.

ಸಾಲ ಯಾಕೆ, ಹಾಗೇ ಕೊಡಬಹುದಲ್ಲ ಎಂದು ನಮ್ಮ ಸಹೋದ್ಯೋಗಿಗಳೇ ಕೇಳಿದರು. ತರಗತಿಯಲ್ಲಿ ನಾನು ಮಕ್ಕಳಿಗೆ ಹೇಳಿದ ಕಥೆಯನ್ನೇ ಅವರಿಗೂ ಹೇಳಿದೆ. 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತೆಗೆದು ಮನೆಯ ಮಹಡಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಅದೇ ಇವತ್ತಿನ ಲಿಜ್ಜತ್ ಹಪ್ಪಳ. ಮಕ್ಕಳಿಗೆ ನಾನು ಒತ್ತಿ ಹೇಳುತ್ತಿದ್ದದ್ದು ಆ 80 ರೂಪಾಯಿಗಿಂತ ಮೊದಲ ವರ್ಷದ ಮಳೆಗಾಲವನ್ನು. ಮಳೆ ಹಿಡಿಯಿತು, ಹಪ್ಪಳ ಒಣಗಲಿಲ್ಲ, ನಾಲ್ಕು ತಿಂಗಳು ಕೆಲಸ ನಿಂತಿತು. ಮಾರನೆಯ ವರ್ಷ ಅವರು ಒಂದು ಮಂಚ, ಒಂದು ಸ್ಟೌ ತಂದರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಸ್ಟೌ. ಮಳೆ ಹೊರಗೆ ಸುರಿಯುತ್ತಿತ್ತು, ಹಪ್ಪಳ ಒಳಗೆ ಒಣಗುತ್ತಿತ್ತು. ಆ ಮಂಚ ಮೊದಲ ವರ್ಷ ಅವರಿಗೆ ಹೊಳೆಯಲಿಲ್ಲ. ಹೊಳೆಯಲು ಒಂದು ಮಳೆಗಾಲ ಕಳೆದುಕೊಳ್ಳಬೇಕಾಯಿತು.

ಇನ್ನು ಲೆಕ್ಕದ ಪುಸ್ತಕದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಲು ಅಪ್ಪಣೆ ಕೊಡಿ, ಗಣಿತದವಳು ನಾನು.

ಒಂದು ಚುರುಮುರಿ ತಂಡವಿತ್ತು. ಪುರಿಗೆ 60 ರೂಪಾಯಿ, ಈರುಳ್ಳಿ ಟೊಮ್ಯಾಟೊ ಕ್ಯಾರೆಟ್‌ಗೆ 90, ಕಡಲೆಬೀಜಕ್ಕೆ 80, ಕೊತ್ತಂಬರಿಗೆ 20, ಓಂಪುಡಿಗೆ 36. ಒಟ್ಟು 286. ಪೊಟ್ಟಣಕ್ಕೆ ಹತ್ತರಂತೆ 46 ಪೊಟ್ಟಣ ಮಾರಿದರು, 460 ಬಂತು. ‘174 ಲಾಭ ಮಿಸ್!’ ಎಂದು ಕುಣಿಯುತ್ತಾ ಬಂದರು. ನಿಂಬೆಹಣ್ಣು ಎಲ್ಲಿಂದ ಬಂತು ಎಂದೆ. ಒಬ್ಬರ ಹಿತ್ತಲಿನ ಗಿಡದ್ದಂತೆ, ಹನ್ನೆರಡು ಹಣ್ಣು. ಅಂಗಡಿಯಲ್ಲಿ ಅವತ್ತು ಹಣ್ಣಿಗೆ ಮೂರು ರೂಪಾಯಿ. 36 ಕಳೆಯಿರಿ ಎಂದೆ. ಎಣ್ಣೆ, ಖಾರದಪುಡಿ, ಉಪ್ಪು? ಮನೆಯದ್ದು. ಅವರೇ ಬೆಲೆ ಕಟ್ಟಿ 40 ಬರೆದರು. ಲಾಭ 98ಕ್ಕೆ ಬಂತು. ಮುಖಗಳು ಇಳಿದವು. ‘ಈಗ ಹೇಳಿ, ಎಷ್ಟು ಜನ ಎಷ್ಟು ಹೊತ್ತು ಕೆಲಸ ಮಾಡಿದ್ರಿ?’ ಹಿಂದಿನ ದಿನ ಪೇಟೆಗೆ ಹೋಗಿದ್ದು, ಬೆಳಿಗ್ಗೆ ಹೆಚ್ಚಿದ್ದು, ಮಾರಿದ್ದು, ತೊಳೆದದ್ದು ಎಲ್ಲ ಸೇರಿ ತಲೆಗೆ ಆರು ಗಂಟೆ. ಐದು ಜನಕ್ಕೆ ಮೂವತ್ತು ಗಂಟೆ. 98ನ್ನು ಮೂವತ್ತರಿಂದ ಭಾಗಿಸಿದರೆ ಗಂಟೆಗೆ 3 ರೂಪಾಯಿ 27 ಪೈಸೆ.

ಯಾರೂ ಮಾತಾಡಲಿಲ್ಲ. ನಾನು ಅವರ ಉತ್ಸಾಹ ಕೊಂದೆನೇನೋ ಎಂದು ಒಳಗೇ ಅಳುಕಿದೆ. ಆಗ ಒಬ್ಬಳು ಮೆಲ್ಲಗೆ ಕೇಳಿದಳು, ‘ಮಿಸ್, ನಮ್ಮಮ್ಮ ದಿನಾ ಸಾಯಂಕಾಲ ಬಸ್ ಸ್ಟ್ಯಾಂಡ್ ಹತ್ರ ಬೋಂಡ ಹಾಕ್ತಾಳೆ. ಅವಳ ಗಂಟೆ ಲೆಕ್ಕ ಹಾಕ್ಲಾ?’ ಮರುದಿನ ಹಾಕಿಕೊಂಡೇ ಬಂದಳು. ಕಡಲೆಹಿಟ್ಟು, ಎಣ್ಣೆ, ಗ್ಯಾಸ್, ಗಾಡಿ ಬಾಡಿಗೆ, ಉದ್ರಿ ಹೋಗಿ ವಾಪಸು ಬಾರದ ದುಡ್ಡು, ಎಲ್ಲ ಬರೆದಿದ್ದಳು. ಆ ಸಂಖ್ಯೆ ನಿಮಗೆ ಹೇಳುವುದಿಲ್ಲ, ಅದು ಆ ಮನೆಯ ಸಂಗತಿ. ಆದರೆ ತಾಯಿ ಮುಂದಿನ ವಾರದಿಂದ ಬೋಂಡದ ಬೆಲೆ ಒಂದು ರೂಪಾಯಿ ಏರಿಸಿದಳು. ಮಗಳು ಹೇಳಿದಳಂತೆ. ಭಾಗಾಕಾರವನ್ನು ನಾನು ನೂರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅದು ಒಂದು ಮನೆಯ ಬಾಣಲೆವರೆಗೆ ಹೋಗಿದ್ದನ್ನು ನೋಡಿದ್ದು ಅವತ್ತು.

ನಮ್ಮದು ತೆಂಗಿನ ಸೀಮೆ. ಗರಿ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಇನ್ನೊಂದು ತಂಡದ ಇಬ್ಬರು ಹುಡುಗರು ಕಡ್ಡಿಪೊರಕೆ ಕಟ್ಟಿ ತಂದರು. ‘ನಮಗೆ ಖರ್ಚೇ ಇಲ್ಲ, ಬಂದಿದ್ದೆಲ್ಲಾ ಲಾಭ’ ಎಂದರು. ಕೂಲಿ ಹಾಕಿಲ್ಲವಲ್ಲ ಎಂದರೆ, ‘ನಮ್ಮ ಕೈಗೆ ನಾವೇ ಕೂಲಿ ಕೊಡೋದಾ ಮಿಸ್?’ ಎಂದು ನಕ್ಕರು. ಈ ಪ್ರಶ್ನೆ ಚಿಕ್ಕದಲ್ಲ. ನಮ್ಮ ಎಷ್ಟು ರೈತರು ತಮ್ಮ ಮೈಮುರಿತವನ್ನು ಲೆಕ್ಕಕ್ಕೇ ಹಿಡಿಯದೆ ಕೊಬ್ಬರಿಗೆ ಇಷ್ಟು ಬಂತು, ರಾಗಿಗೆ ಅಷ್ಟು ಬಂತು ಅನ್ನುತ್ತಾರೆ ನೋಡಿ. ಸ್ವಂತ ಶ್ರಮಕ್ಕೆ ಬೆಲೆ ಕಟ್ಟಲು ಹದಿನಾಲ್ಕನೇ ವಯಸ್ಸಿಗೇ ಕಲಿತ ಹುಡುಗ ಮುಂದೆ ಎಪಿಎಂಸಿಯಲ್ಲಿ ನಿಂತಾಗ ಬೇರೆ ಥರ ಮಾತಾಡುತ್ತಾನೆ ಎಂದು ನನ್ನ ನಂಬಿಕೆ.

ಈ ಬಗೆಯ ಪ್ರಯತ್ನ ಬೇರೆ ಕಡೆಯೂ ನಡೆದಿದೆ, ಬಹಳ ಹಿಂದಿನಿಂದ ನಡೆದಿದೆ. 1919ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆ ಶುರುವಾಯಿತು. ಕಾಗದದ ಕಾರ್ಖಾನೆಯ ಹೊರೇಸ್ ಮೋಸೆಸ್, ಟೆಲಿಫೋನ್ ಕಂಪನಿಯ ಥಿಯೋಡರ್ ವೇಲ್, ಸೆನೆಟರ್ ಮರ್ರೆ ಕ್ರೇನ್, ಈ ಮೂವರು ಅದರ ಹಿಂದೆ ಇದ್ದವರು. ಶಾಲೆ ಬಿಟ್ಟ ಮೇಲೆ ಮಕ್ಕಳು ಸೇರಿ ಒಂದು ಪುಟ್ಟ ಕಂಪನಿ ಕಟ್ಟುವುದು, ನೆರೆಹೊರೆಯವರಿಗೆ ಷೇರು ಮಾರಿ ಬಂಡವಾಳ ಕೂಡಿಸುವುದು, ಏನಾದರೂ ತಯಾರಿಸಿ ಮಾರುವುದು, ಇದು ಅವರ ಪದ್ಧತಿಯಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ 1962ರಲ್ಲಿ ವಾಲ್ಟರ್ ಸಾಲೊಮನ್ ಎಂಬವರು ಯಂಗ್ ಎಂಟರ್‌ಪ್ರೈಸ್ ಎಂಬ ಸಂಸ್ಥೆ ಕಟ್ಟಿ ಇದನ್ನೇ ಅಲ್ಲಿ ನಡೆಸಿದರು. ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ವರ್ಷದ ಕೊನೆ. ಶಾಲಾವರ್ಷ ಮುಗಿಯುವಾಗ ಮಕ್ಕಳು ಆ ಕಂಪನಿಯನ್ನು ಮುಚ್ಚಬೇಕು. ಉಳಿದ ಸರಕು ವಿಲೇವಾರಿ ಮಾಡಿ, ಕೊಡಬೇಕಾದವರಿಗೆ ಕೊಟ್ಟು, ಷೇರು ಕೊಂಡವರಿಗೆ ಪಾಲು ಹಂಚಿ, ಪುಸ್ತಕ ಮುಗಿಸಿ ಸಹಿ ಹಾಕಬೇಕು. ತೆರೆಯುವುದನ್ನು ಎಲ್ಲರೂ ಕಲಿಸುತ್ತಾರೆ. ಒಂದು ವ್ಯವಹಾರವನ್ನು ಯಾರಿಗೂ ಮೋಸವಾಗದಂತೆ ಮುಚ್ಚುವುದು ಹೇಗೆಂದು ಕಲಿಸುವ ಶಾಲೆ ಅಪರೂಪ.

ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ್ದು ದೆಹಲಿಯ ಸರ್ಕಾರಿ ಶಾಲೆಗಳು. 2019ರಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಉದ್ಯಮಶೀಲತೆಯ ಪಾಠಕ್ರಮ ತಂದರು. 2021ರಲ್ಲಿ ಬಿಸಿನೆಸ್ ಬ್ಲಾಸ್ಟರ್ಸ್ ಎಂಬ ಹೆಸರಿನಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿಗೆ ತಲೆಗೆ 2,000 ರೂಪಾಯಿ ಬಂಡವಾಳ ಕೊಟ್ಟು, ತಂಡ ಕಟ್ಟಿಸಿ, ತಮ್ಮದೇ ಸಣ್ಣ ಉದ್ದಿಮೆ ನಡೆಸಲು ಬಿಟ್ಟರು. ಸುಮಾರು ಮೂರು ಲಕ್ಷ ಮಕ್ಕಳನ್ನು ಮುಟ್ಟಿದ ಕೆಲಸ. ಬಡವರ ಮನೆಯ ಮಗುವಿನ ಕೈಗೆ ‘ನೀನು ಯೋಚನೆ ಮಾಡು, ನಿನ್ನನ್ನು ನಂಬಿದ್ದೇವೆ’ ಎಂದು ಸರ್ಕಾರ ದುಡ್ಡು ಇಟ್ಟಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ನನ್ನದೊಂದು ಸಣ್ಣ ಚಿಂತೆಯೂ ಇದೆ. ಇಂಥ ಕಾರ್ಯಕ್ರಮಗಳು ಟಿವಿಗೆ ಬಂದಾಗ ದೊಡ್ಡ ಬಂಡವಾಳದಾರರ ಮುಂದೆ ನಿಂತು ಚೆನ್ನಾಗಿ ಮಾತಾಡುವ ಮಗು ಗೆಲ್ಲುತ್ತದೆ. ಮಾತು ಬರುವ ಮಗುವಿಗೆ ಮಾತಿಗೇ ಬೇರೆ ಸ್ಪರ್ಧೆಗಳಿವೆ. ಕೊತ್ತಂಬರಿಗೆ ನೀರು ಚಿಮುಕಿಸುವ ಹುಡುಗನಿಗೂ ಒಂದು ಇರಲಿ.

ಮಕ್ಕಳಿಂದ ಹೀಗೆ ವ್ಯಾಪಾರ ಮಾಡಿಸುವುದರಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಅಳೆದು ನೋಡಿದವರಿದ್ದಾರೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞರು ಒಂದು ವೃತ್ತಿಶಿಕ್ಷಣ ಕಾಲೇಜನ್ನು ಆರಿಸಿಕೊಂಡರು. ಅದಕ್ಕೆ ಎರಡು ಊರುಗಳಲ್ಲಿ ಕ್ಯಾಂಪಸ್. ಒಂದು ಊರಿನಲ್ಲಿ ವಿದ್ಯಾರ್ಥಿಗಳ ಪುಟ್ಟ ಕಂಪನಿ ನಡೆಯುತ್ತಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಎರಡನ್ನೂ ಹೋಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೌಶಲ ಹೆಚ್ಚಿದಂತೆ ಕಾಣಲಿಲ್ಲ. ಮುಂದೆ ಸ್ವಂತ ಉದ್ಯೋಗ ಮಾಡುತ್ತೇನೆ ಅನ್ನುವ ಆಸೆ ಕಡಿಮೆಯೇ ಆಗಿತ್ತು! ಈ ಸಂಗತಿ ಓದಿದಾಗ ನನಗೂ ಪೆಟ್ಟು ಬಿದ್ದ ಹಾಗಾಯಿತು. ಯೋಚಿಸಿದೆ. ಕಂಪನಿ ನಡೆಸಿ ನೋಡಿದ ಹುಡುಗನಿಗೆ ಅದರ ಕಷ್ಟ ತಿಳಿದಿದೆ, ‘ಇದು ನನಗಲ್ಲ’ ಎಂದು ಕಂಡುಕೊಂಡಿದ್ದಾನೆ. ಇಪ್ಪತ್ತೈದನೇ ವಯಸ್ಸಿಗೆ ಅಪ್ಪನ ಜಮೀನು ಅಡವಿಟ್ಟು ಅಂಗಡಿ ತೆರೆದು ಆಮೇಲೆ ಕಂಡುಕೊಳ್ಳುವುದಕ್ಕಿಂತ ಈಗಲೇ ತಿಳಿದದ್ದು ನಷ್ಟವೇನೂ ಅಲ್ಲ.

ಅದೇ ದೇಶದಲ್ಲಿ ಹನ್ನೊಂದು ಹನ್ನೆರಡು ವಯಸ್ಸಿನ ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನ 2014ರಲ್ಲಿ ಬಂತು. ಐದು ದಿನಗಳ ವ್ಯಾಪಾರದ ಆಟ. ವ್ಯಾಪಾರದ ತಿಳಿವಳಿಕೆ ಅಲ್ಲೂ ಹೆಚ್ಚಲಿಲ್ಲ. ಆದರೆ ಹಿಡಿದ ಕೆಲಸ ಬಿಡದಿರುವುದು, ತನ್ನಿಂದಾಗುತ್ತದೆ ಎಂಬ ಧೈರ್ಯ, ತಾನಾಗಿ ಮುಂದೆ ಬರುವುದು, ಹೊಸದಾಗಿ ಯೋಚಿಸುವುದು ಇವು ಹೆಚ್ಚಿದ್ದವು. ನಮ್ಮ ಅಂಗಳದಲ್ಲಿ ನಾನು ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಲಾಭದ ಸೂತ್ರವನ್ನು ಮಕ್ಕಳು ಹೇಗೂ ಏಳನೇ ತರಗತಿಯಲ್ಲಿ ಕಲಿಯುತ್ತಾರೆ. ಗುರುತಿಲ್ಲದವರ ಮುಂದೆ ಬಾಯಿ ಬಿಡುವುದನ್ನು, ಬೇಡ ಎಂದು ಮುಂದೆ ಹೋದವರನ್ನು ಕಂಡು ಕುಗ್ಗದಿರುವುದನ್ನು ಪುಸ್ತಕ ಕಲಿಸಲಾರದು. ಹಾಗಾಗಿ ಬೇಗ ಶುರುಮಾಡಬೇಕು. ನಮ್ಮಲ್ಲಿ ಸ್ವ ಉದ್ಯೋಗ ತರಬೇತಿಗೆ ಹೆಸರಾದ ರುಡ್‌ಸೆಟ್ ಸಂಸ್ಥೆಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ್ದು, ಆ ಮಾದರಿ ದೇಶದ ತುಂಬ ಹರಡಿತು. ಆದರೆ ಅಲ್ಲಿಗೆ ಹೋಗುವವರು ಓದು ಮುಗಿಸಿದ ತರುಣರು. ಅಷ್ಟರಲ್ಲಿ ನಮ್ಮ ಎಷ್ಟೋ ಹಳ್ಳಿಯ ಮಕ್ಕಳ ಮನಸ್ಸಿನಲ್ಲಿ ‘ವ್ಯಾಪಾರ ನಮಗೆ ಒಲಿಯುವುದಲ್ಲ’ ಎಂಬುದು ಬೇರೂರಿರುತ್ತದೆ.

ಈ ಮಾತಿನ ಹಿಂದೆ ಜಾತಿಯೂ ಇದೆ, ನೇರವಾಗಿ ಹೇಳಬೇಕು. ವ್ಯಾಪಾರ ಇಂಥವರ ಕಸುಬು, ಬೇಸಾಯ ಇಂಥವರದ್ದು, ಓದು ಇಂಥವರದ್ದು ಎಂದು ನಮ್ಮ ಊರುಗಳು ಮೊದಲೇ ಹಂಚಿಟ್ಟಿವೆ. ಯಾರ ಕೈಯ ಅಡುಗೆಯನ್ನು ಯಾರು ಕೊಳ್ಳುತ್ತಾರೆ ಅನ್ನುವುದೂ ಹಂಚಿಹೋಗಿದೆ. ಮಕ್ಕಳ ಸಂತೆಯಲ್ಲಿ ಒಂದು ತಂಡದ ಐದೂ ಮಕ್ಕಳು ಐದು ಕೇರಿಯವರಾಗಿರಬೇಕು ಎಂದು ನಾವು ಹಟ ಹಿಡಿದದ್ದು ಇದಕ್ಕೇ. ಒಂದೇ ಬೋಗುಣಿಯಲ್ಲಿ ಐದು ಕೇರಿಯ ಕೈ ಕಲಸಿದ ಚುರುಮುರಿಯನ್ನು ಊರು ನಿಂತು ತಿಂದಿತು.

ಒಬ್ಬ ತಂದೆ ಜಗಳಕ್ಕೇ ಬಂದಿದ್ದರು. ‘ಮೇಡಮ್ಮೋರೆ, ನಾವು ಸಂತೇಲಿ ಬಿಸಿಲು ತಿಂದಿದ್ದು ಸಾಕು ಅಂತ ಮಗನ್ನ ಸ್ಕೂಲಿಗೆ ಕಳಿಸಿದ್ರೆ, ನೀವು ಮತ್ತೆ ಸಂತೇಲೇ ಕೂರಿಸ್ತೀರಲ್ಲ’ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ 1986ರಲ್ಲಿ ಕಾನೂನು ಬಂತು, 2016ರ ತಿದ್ದುಪಡಿ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದು ಎಂದಿತು. ಮನೆಯವರ ಕೆಲಸದಲ್ಲಿ ಶಾಲೆಯ ಹೊತ್ತಿನ ಆಚೆಗೆ, ಅಪಾಯವಿಲ್ಲದ ಕಡೆ ನೆರವಾಗಲು ಅವಕಾಶವಿದೆ. ಆ ಗೆರೆಯನ್ನು ನಾವು ಎಂದೂ ಮರೆಯಬಾರದು. ಸಂತೆ ವರ್ಷಕ್ಕೆ ಎರಡೇ ದಿನ. ಪಾಠ ಬಿಡಿಸಿ ಅಲ್ಲ. ಮನೆಮನೆಗೆ ಹೋಗಿ ಮಾರುವುದಿಲ್ಲ. ಬೆಂಕಿ, ಎಣ್ಣೆ ಇರುವಲ್ಲಿ ದೊಡ್ಡವರು ನಿಂತಿರಬೇಕು. ಬಂದ ಲಾಭ ಶಾಲೆಯ ಸುಣ್ಣಬಣ್ಣಕ್ಕೆ ಹೋಗಬಾರದು, ಮಕ್ಕಳದ್ದು ಮಕ್ಕಳಿಗೇ ಸೇರಬೇಕು. ಹತ್ತು ವರ್ಷ ದಾಟಿದ ಮಗು ತನ್ನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾನೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಎಷ್ಟು ಮನೆಗಳಿಗೆ ಇದು ಗೊತ್ತು? ನಮ್ಮ ಕೆಲವು ಮಕ್ಕಳು ಪಾಲಿಗೆ ಬಂದ ಇಪ್ಪತ್ತು ರೂಪಾಯಿ ಹಿಡಿದೇ ಬ್ಯಾಂಕಿನ ಮೆಟ್ಟಿಲು ಹತ್ತಿದರು.

ಒಂದು ಎಚ್ಚರಿಕೆಯನ್ನೂ ಮಕ್ಕಳಿಗೆ ಹೇಳುತ್ತಿದ್ದೆ. 1872ರ ಕರಾರು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಮಾಡಿದ ಕರಾರು ನಿಲ್ಲುವುದಿಲ್ಲ. ಹಾಗಾಗಿ ನಾವು ಕೊಟ್ಟ 300 ರೂಪಾಯಿ ಸಾಲವನ್ನು ಯಾವ ನ್ಯಾಯಾಲಯವೂ ನಿಮ್ಮಿಂದ ವಸೂಲು ಮಾಡಿಕೊಡುವುದಿಲ್ಲ, ನೀವು ಹಿಂದಿರುಗಿಸುವುದು ಕೊಟ್ಟ ಮಾತಿಗಾಗಿ ಮಾತ್ರ ಎಂದೆ. ಅದನ್ನು ಕೇಳಿದ ಮೇಲೆ ಮಕ್ಕಳು ಸಾಲದ ಚೀಟಿಗೆ ಸಹಿ ಹಾಕುವಾಗ ಇನ್ನೂ ನೆಟ್ಟಗೆ ಕೂತರು.

ಈಗ ಆ ತಂದೆಯ ಮಗನ ಸುದ್ದಿ ಹೇಳಬೇಕು. ನಾನು ಮೊದಲು ಹೇಳಿದ ಕೊತ್ತಂಬರಿಯ ಹುಡುಗ ಅವನೇ. ಅಪ್ಪ ಅಮ್ಮ ಸಂತೆಯಲ್ಲಿ ಕೂರುತ್ತಾರೆಂದು ಅವನು ಗೆಳೆಯರಿಗೆ ಹೇಳಿಕೊಳ್ಳುತ್ತಿರಲಿಲ್ಲ. ಎರಡನೆಯ ಸಂತೆಗೆ ಮುಂಚೆ ಒಂದು ಶನಿವಾರ ಅವನನ್ನು ಹಲಗೆಯ ಮುಂದೆ ನಿಲ್ಲಿಸಿ, ‘ಸರಕು ಉಳೀದ ಹಾಗೆ ಮಾರೋದು ಹೇಗೆ ಅಂತ ಎಲ್ಲರಿಗೂ ಹೇಳಪ್ಪ’ ಎಂದೆ. ಐದು ನಿಮಿಷ ತಡವರಿಸಿದ. ಆಮೇಲೆ ಮುಕ್ಕಾಲು ಗಂಟೆ ನಿಲ್ಲಿಸಲೇ ಇಲ್ಲ. ಬೋಣಿ ಗಿರಾಕಿಯನ್ನು ಬಿಡಬಾರದು, ಸ್ವಲ್ಪ ಕಡಿಮೆಗಾದರೂ ಕೊಡಬೇಕು. ಚಿಲ್ಲರೆ ಹಿಂದಿನ ರಾತ್ರಿಯೇ ಕೂಡಿಡಬೇಕು. ಚೆನ್ನಾಗಿರುವುದನ್ನು ಮೇಲಿಟ್ಟು ಬಾಡಿದ್ದನ್ನು ಕೆಳಗೆ ಬಚ್ಚಿಟ್ಟರೆ ಈ ವಾರ ಮಾರಬಹುದು, ಮುಂದಿನ ವಾರ ಅದೇ ಗಿರಾಕಿ ಮುಖ ತಿರುಗಿಸುತ್ತಾಳೆ. ‘ಬಾಡಿದ್ದನ್ನ ಬೇರೆ ಗುಡ್ಡೆ ಹಾಕಿ, ಬಾಡಿದ್ದು ಅಂತಾನೇ ಹೇಳಿ, ಅರ್ಧ ರೇಟಿಗೆ ಮಾರ್ತಾಳೆ ನಮ್ಮಮ್ಮ’ ಎಂದ. ‘ನಮ್ಮಮ್ಮ’ ಎಂಬ ಆ ಮಾತನ್ನು ಅವನು ಎಲ್ಲರೆದುರು ಹೇಳಿದ್ದು ಅದೇ ಮೊದಲು.

ಎರಡನೆಯ ಸಂತೆಗೆ ತೀರ್ಪುಗಾರರನ್ನು ಆರಿಸುವಾಗ ಬ್ಯಾಂಕಿನಿಂದ ಒಬ್ಬರನ್ನು ಕರೆದೆವು. ಜೊತೆಗೆ ನಲವತ್ತು ವರ್ಷದಿಂದ ಅದೇ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಅಜ್ಜಿಯನ್ನೂ ಕರೆದೆವು. ಬ್ಯಾಂಕಿನವರು ಪುಸ್ತಕ ನೋಡಿ ಕೂಡಿಸಿದ್ದು ಸರಿಯಿದೆಯೇ ಎಂದು ಪರೀಕ್ಷಿಸಿದರು. ಅಜ್ಜಿಗೆ ಓದಲು ಬರದು. ಪ್ರತಿ ತಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದಳು, ‘ಸಂಜೆಗೆ ಉಳಿದಿದ್ದನ್ನ ಏನ್ ಮಾಡ್ತೀಯವ್ವ?’ ಉತ್ತರವಿದ್ದವರು ಹೇಳಿದರು, ಇಲ್ಲದವರು ಕಣ್ಣುಕಣ್ಣು ಬಿಟ್ಟರು. ಇಬ್ಬರು ತೀರ್ಪುಗಾರರ ಅಂಕಗಳು ಹೆಚ್ಚು ಕಡಿಮೆ ಒಂದೇ ಆಗಿದ್ದವು.

ಸಂತೆ ಸುಂಕ ವಸೂಲಿ ಮಾಡುವವರು ಮಕ್ಕಳೆಂದು ಹತ್ತು ಹತ್ತು ರೂಪಾಯಿ ಬಿಟ್ಟರು. ಕೊಡದಿದ್ದರೂ ಪುಸ್ತಕದಲ್ಲಿ ಬರೆಯಿರಿ ಎಂದೆ. ದೊಡ್ಡವರಾಗಿ ಬಂದಾಗ ಬಿಡುವುದಿಲ್ಲವಲ್ಲ.

ಕೊನೆಗೆ ಒಂದು ಮಜ್ಜಿಗೆ ತಂಡದ ವಿಷಯ ಹೇಳಿ ಮುಗಿಸುತ್ತೇನೆ. ಡಿಸೆಂಬರಿನ ಮೊದಲ ಸಂತೆಯಲ್ಲಿ 300 ರೂಪಾಯಿಯನ್ನೂ ಮೊಸರಿಗೆ, ಮಸಾಲೆಗೆ, ಪೇಪರ್ ಲೋಟಕ್ಕೆ ಸುರಿದಿದ್ದ ಮಕ್ಕಳು. ಅವತ್ತು ಬೆಳಿಗ್ಗೆಯಿಂದ ಮೋಡ, ಚಳಿಗಾಳಿ. ಚಳಿಯಲ್ಲಿ ಮಜ್ಜಿಗೆ ಯಾರು ಕುಡಿಯುತ್ತಾರೆ? ಐದು ರೂಪಾಯಿಯಂತೆ ಹೋದದ್ದು 19 ಲೋಟ. ಉಳಿದದ್ದು ಪಕ್ಕದ ಕೊಟ್ಟಿಗೆಯ ಕರುಗಳಿಗೆ. 205 ರೂಪಾಯಿ ನಷ್ಟ. ಒಬ್ಬಳು ಅತ್ತೇಬಿಟ್ಟಳು, ಮನೆಯಲ್ಲಿ ದುಡ್ಡು ಕೇಳಲಾರೆ ಮಿಸ್ ಎಂದು. ನಮ್ಮಲ್ಲಿ ಒಂದು ನಿಯಮವಿತ್ತು: ನಷ್ಟವನ್ನು ಮುಚ್ಚಿಡದೆ, ಯಾಕಾಯಿತು ಎಂದು ಕಾರಣದ ಸಮೇತ ಬರೆದು ತೋರಿಸಿದ ತಂಡದ ಸಾಲ ಮುಂದಿನ ಸಂತೆಗೆ ಮುಂದುವರಿಯುತ್ತದೆ, ಮನೆಯಿಂದ ಯಾರೂ ತರಬೇಕಿಲ್ಲ. ಇಂಥ ನಿಯಮವಿಲ್ಲದ ಸ್ಪರ್ಧೆಯಲ್ಲಿ ಸೋತ ಮಗು ಸೋತು ಮನೆಗೆ ಹೋಗುತ್ತದೆ, ಅಷ್ಟೇ. ಆ ಮಕ್ಕಳು ಒಂದು ಪುಟ ತುಂಬ ಬರೆದರು. ಕೊನೆಯ ಸಾಲು ಹೀಗಿತ್ತು: ‘ನಾವು ಮಜ್ಜಿಗೆ ನೋಡಿದೆವು, ಆಕಾಶ ನೋಡಲಿಲ್ಲ.’

ಫೆಬ್ರವರಿಯಲ್ಲಿ ಅವರು ಮತ್ತೆ ಮಜ್ಜಿಗೆಯನ್ನೇ ಹಿಡಿದರು. ಬೇರೆ ಮಾಡಿ ಎಂದು ನಾನು ಹೇಳಲು ಹೊರಟು ಬಾಯಿ ಮುಚ್ಚಿಕೊಂಡೆ. ಈ ಸಲ ಮೊಸರು 150 ರೂಪಾಯಿಗೆ ಮಾತ್ರ. ಬಿಸಿಯೂಟದ ಸ್ಟೀಲ್ ಲೋಟಗಳನ್ನು ಕೇಳಿ ತಂದು ತೊಳೆದು ತೊಳೆದು ಕೊಟ್ಟರು, ಪೇಪರ್ ಲೋಟದ ಖರ್ಚು ಉಳಿಯಿತು. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿಗೆ 25. ಕೊಡದ ಸುಂಕ 10. ಬಿಸಿಲು ಚುರುಗುಟ್ಟುತ್ತಿತ್ತು. ಹನ್ನೊಂದೂವರೆಗೆ ಕೊಳಗ ಬರಿದು. 52 ಲೋಟ, 260 ರೂಪಾಯಿ. ಹಳೆಯ ಸಾಲದಲ್ಲಿ ಒಂದಷ್ಟು ತೀರಿತು, ಒಂದಷ್ಟು ಉಳಿಯಿತು.

ಮಧ್ಯಾಹ್ನ ಪುಸ್ತಕ ನೋಡುವಾಗ ಖರ್ಚು, ವ್ಯಾಪಾರ, ಗಂಟೆ, ಕೂಲಿ ಎಲ್ಲ ಕಾಲಮ್ಮುಗಳೂ ಇದ್ದವು. ಅವುಗಳ ಪಕ್ಕದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಇನ್ನೊಂದು ಕಾಲಮ್ಮು ಮಾಡಿಕೊಂಡಿದ್ದರು. ನಾನು ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಅವರು ನೋಡಿದ್ದಲ್ಲ. ಮೇಲೆ ದುಂಡಗೆ ಬರೆದಿದ್ದರು: ‘ಕೇಳಿಕೊಂಡು ಬಂದು ಸಿಗದೆ ಹೋದವರು.’ ಅದರ ಕೆಳಗೆ ಐದೈದರ ಕಟ್ಟಿನಲ್ಲಿ ಗೀಟುಗಳು. ಎಣಿಸಿದೆ, ಹದಿನೇಳು.